ಮಗಳ ಬೆನ್ನು

"ಮೂಳೆಯಲ್ಲಿ ಏನೂ ತೊಂದರೆ ಇಲ್ಲ," ಎಂದು ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದಾಗ ಗಡಿಯಾರ ರಿಪೇರಿಯವನಿಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಗೇ ಅನುಮಾನ ಕಾಡಿತು. ಏನೂ ಇಲ್ಲದಿದ್ದರೆ ಮಗಳು ಹೀಗೇಕೆ ಬೆನ್ನು ಗೂನು ಮಾಡಿಕೊಂಡು ನಿಲ್ಲುತ್ತಾಳೆ?

ಹದಿಮೂರರ ಹುಡುಗಿ. ಒಂದೇ ವರ್ಷದಲ್ಲಿ ಸರಸರ ಬೆಳೆದುಬಿಟ್ಟಿದ್ದಳು. ಮೊದಮೊದಲು ಹಿಗ್ಗಿದ್ದ ಹೆಂಡತಿ ಈಚೆಗೆ ಅವಳ ಬೆನ್ನು ನೋಡಿ ನೋಡಿ ಊಟ ನಿದ್ದೆ ಬಿಟ್ಟಿದ್ದಳು. "ಬೆಳೆಯೋ ವಯಸ್ಸಲ್ಲೇ ಮೂಳೆ ಬಗ್ಗಿದ್ರೆ ಮುಂದೆ ಗತಿ ಏನು ರೀ? ಇವತ್ತು ಅಂಗಡಿ ಬಾಗಿಲು ಹಾಕಿ ಕರ್ಕೊಂಡು ಹೋಗಿ," ಎಂದು ತಾನು ಡ್ಯೂಟಿಗೆ ಹೊರಡುವಾಗ ಕಟ್ಟಪ್ಪಣೆ ಮಾಡಿದ್ದಳು.

"ಮಲಗಿಸಿ ನೋಡಿದಾಗ ಬೆನ್ನು ಗೆರೆ ಎಳೆದ ಹಾಗೆ ನೇರವಾಗಿತ್ತು. ನೀವು ಸ್ವಲ್ಪ ಹೊರಗೆ ನಿಲ್ತೀರಾ?" ಎಂದರು ಡಾಕ್ಟರಮ್ಮ.

ಹೊರಗೆ ಬಂದವನು ತುದಿಗಾಲಲ್ಲಿ ನಿಂತು ಬಾಗಿಲಿನ ಗಾಜಿನ ಮೂಲಕ ಇಣುಕಿದ. ಒಳಗೆ ಮಗಳು ಎತ್ತರ ಅಳೆಯುವ ಪಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಭುಜ ಹಿಂದಕ್ಕೆ, ಕತ್ತು ಮೇಲಕ್ಕೆ. ಎಷ್ಟು ಚೆಂದ ನಿಂತಿದ್ದಾಳೆ! ಖುಷಿ ತಡೆಯಲಾರದೆ ಬಾಗಿಲು ತಳ್ಳಿದ. ಅವನು ಕಂಡದ್ದೇ ತಡ, ಹುಡುಗಿಯ ಭುಜ ಇಳಿಯಿತು, ಬೆನ್ನು ಬಾಗಿತು. ಮುಟ್ಟಿದರೆ ಮುನಿ ಮುದುಡಿದ ಹಾಗೆ ಕುಗ್ಗಿ, ಅವಳ ತಲೆ ಅವನ ಕಿವಿಯ ಮಟ್ಟಕ್ಕೆ ಬಂದು ನಿಂತಿತು.

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. "ಔಷಧಿ ಬೇಡ. ಅಪ್ಪ ಮಗಳು ಕೂತು ಮಾತಾಡಿ," ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ರಸ್ತೆಗಿಳಿದ ಮೇಲೆ ಅವನು ಎಂದಿನಂತೆ ಬಿರಬಿರನೆ ಮುಂದೆ ಹೋದವನು, ನಿಂತು ಹಿಂತಿರುಗಿ ನೋಡಿದ.

"ಪುಟ್ಟೀ, ನನ್ನ ಕಂಡ್ರೆ ಯಾಕಮ್ಮ ಕುಗ್ತೀಯ? ನಾನೇನು ಬಯ್ತೀನಾ?"

"ಇಲ್ಲಪ್ಪ."

"ಮತ್ತೆ?"

ಅವಳು ಚಪ್ಪಲಿಯ ತುದಿಯಿಂದ ನೆಲ ಕೆರೆದಳು. "ಅವತ್ತು ಪೇಪರ್ ಅಂಗಡಿಯವರು, 'ಏನ್ರೀ, ಮಗಳು ಅಪ್ಪನ್ನೇ ಮೀರಿಸಿಬಿಟ್ಲಲ್ಲ' ಅಂತ ನಕ್ಕರಲ್ಲ, ನೀನೂ ನಕ್ಕೆ. ಆಮೇಲಿಂದ ನನ್ನ ಪಕ್ಕ ನಡೆಯೋದನ್ನೇ ಬಿಟ್ಟೆ. ಯಾವಾಗ್ಲೂ ಮುಂದೆ ಮುಂದೆ ಹೋಗ್ತೀಯ. ನಾನೇ ಸ್ವಲ್ಪ ಬಗ್ಗಿದ್ರೆ..."

ಸ್ಕೂಲಿನಲ್ಲಿ ಅವನನ್ನು ಗಿಡ್ಡ ಎಂದವರಿದ್ದರು, ಮದುವೆಯಲ್ಲಿ ಆಡಿಕೊಂಡವರಿದ್ದರು. ಎಲ್ಲವನ್ನೂ ನಗುತ್ತಲೇ ನುಂಗಿದ್ದ. ಮೇಜಿನ ಮುಂದೆ ಕಣ್ಣಿಗೆ ಮಸೂರ ಸಿಕ್ಕಿಸಿ ಕೂತರೆ ಎತ್ತರದ ಮಾತೇ ಇರಲಿಲ್ಲ. ಆದರೆ ಪೇಪರ್ ಅಂಗಡಿಯ ಮುಂದೆ ನಕ್ಕ ನಗು ಒಳಗಿನಿಂದ ಬಂದದ್ದಲ್ಲ. ಅದು ಯಾರಿಗೂ ತಿಳಿದಿಲ್ಲ ಎಂದುಕೊಂಡಿದ್ದ.

ಅಷ್ಟರಲ್ಲಿ ಹೆಂಡತಿಯ ಫೋನು. "ಡಾಕ್ಟ್ರು ಏನಂದ್ರು? ಬೆನ್ನಿಗೆ ಪಟ್ಟಿ ಹಾಕ್ಬೇಕಂತಾ?"

"ಅವಳ ಬೆನ್ನು ಸರಿಯಾಗಿದೆ ಕಣೆ. ತೊಂದರೆ ಇರೋದು ನನ್ನಲ್ಲಿ."

"ಅಯ್ಯೋ, ನಿಮಗೇನಾಯ್ತು?"

"ಮನೆಗೆ ಬಾ, ಹೇಳ್ತೀನಿ."

ಬಸ್ಸು ಕಿಕ್ಕಿರಿದಿತ್ತು. ಅಪ್ಪ ಮಗಳು ನಡುವೆ ಸಿಕ್ಕಿಕೊಂಡು ನಿಂತರು. ಮಗಳು ಆಗಲೂ ಬಗ್ಗಿಯೇ ಇದ್ದಳು.

"ಯಜಮಾನ್ರೇ, ಮೇಲಿನ ಕಂಬಿ ಹಿಡ್ಕೊಳ್ಳಿ, ತಿರುವು ಬರ್ತಿದೆ!" ಕಂಡಕ್ಟರ್ ಕೂಗಿದ.

ಬೇರೆ ದಿನವಾಗಿದ್ದರೆ ಕೇಳಿಸದವನಂತೆ ಯಾವುದಾದರೂ ಸೀಟಿಗೆ ಒರಗುತ್ತಿದ್ದ. ಇವತ್ತು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ: "ನನಗೆ ಎಟುಕಲ್ಲ ಕಣಪ್ಪ. ನನ್ನ ಮಗಳಿಗೆ ಎಟುಕುತ್ತೆ!"

ಒಂದಿಬ್ಬರು ತಿರುಗಿ ನೋಡಿ ನಕ್ಕರು. ಅವನ ಕಿವಿ ಬಿಸಿಯಾಯಿತು. ಆದರೂ ಮಗಳ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಹಿಡ್ಕೋ ಪುಟ್ಟಿ. ನಾನು ನಿನ್ನ ಹಿಡ್ಕೋತೀನಿ."

ಹುಡುಗಿ ಅಪ್ಪನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಮೆಲ್ಲಗೆ ಕೈ ಎತ್ತಿದಳು. ಕೈಯ ಹಿಂದೆ ಭುಜ, ಭುಜದ ಹಿಂದೆ ಬೆನ್ನು, ಒಂದೊಂದಾಗಿ ಮೇಲೆದ್ದವು. ಬಸ್ಸು ತಿರುವಿನಲ್ಲಿ ವಾಲಿದಾಗ ಅವನು ಅವಳ ಇನ್ನೊಂದು ತೋಳಿಗೆ ಜೋತುಬಿದ್ದ.

ಅವಳು ಕದಲಲಿಲ್ಲ.