ಮೂರನೆಯ ಹೂವು

ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದ ತಿಂಗಳು, ಬೆಳಿಗ್ಗೆ ಏಳು ಗಂಟೆ. ಡಾಕ್ಟ್ರಮ್ಮನ ಮನೆಯ ಉಪ್ಪುನೀರಿನ ಗಾಜಿನ ತೊಟ್ಟಿಗೆ ಮೂರನೆಯ ಕಡಲಹೂವು ಬಂತು. ಅಲ್ಲಿದ್ದ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಒಂಟಿ ಮೀನು ಕಡಲಿನಲ್ಲಾದರೆ ಇಂಥ ಹೂವಿನ ಎಳೆಗಳ ನಡುವೆಯೇ ಮನೆ ಮಾಡುವಂಥದ್ದು. ಇಲ್ಲಿ ಅದು ಹಿಂದಿನ ಎರಡು ಹೂವುಗಳನ್ನು ಮೂಸಿಯೂ ನೋಡಿರಲಿಲ್ಲ. ಹದಿನೈದು ದಿನ ಕಳೆದರೂ ಇದರ ಹತ್ತಿರವೂ ಸುಳಿಯಲಿಲ್ಲ.

"ಇದೂ ಆಗುವುದಿಲ್ಲವಂತಾ ಮಹಾರಾಯನಿಗೆ?" ಎಂದರು ಡಾಕ್ಟ್ರಮ್ಮ.

"ಸ್ವಲ್ಪ ಕಾಯುವ ಅಮ್ಮ," ಎಂದೆ. ಆ ತೊಟ್ಟಿಯ ಗಾಜು ಉಜ್ಜುವುದು ನನ್ನ ಕೆಲಸ.

"ನೀವು ಹೇಳಿದ ಹಾಗೆ ಕಾದ್ರೆ ನಂಗೂ ನಿಮ್ಮಷ್ಟೇ ಪ್ರಾಯ ಆಗ್ತದೆ ಅಜ್ಜ. ಅದು ಬೇರೆ ಎಲ್ಲಿಯೋ ಆಸರೆ ಹಿಡಿದಿರ್ಬೇಕು, ಅದನ್ನು ತೆಗೆದ್ರೆ ಮಾತ್ರ ಹೂವಿಗೆ ಬರ್ತದೆ ಅಂತ ಅಂಗಡಿಯವ ಹೇಳಿದ. ಪೈಪು ತೆಗೆದೆ, ಮಡಕೆ ತೆಗೆದೆ. ಇನ್ನೆಂತ ಉಂಟು ಇದರಲ್ಲಿ ತೆಗೀಲಿಕ್ಕೆ?"

ನಾನು ಗಾಜು ಉಜ್ಜುವ ಬಟ್ಟೆ ಹಿಂಡಿ ಒಣಗಲು ಹಾಕಿದೆ.

"ಭಾನುವಾರದವರೆಗೆ ನೋಡ್ತೇನೆ. ಮತ್ತೆ ಮೀನು ವಾಪಸ್ ಅಂಗಡಿಗೆ."

ಆ ಅಂಗಡಿಯ ಕಿಕ್ಕಿರಿದ ತೊಟ್ಟಿಯಲ್ಲಿ ಇಂಥ ಮೀನು ವಾರ ಬದುಕಿದ್ದನ್ನು ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟ್ರಮ್ಮ ಏಳುವ ಮೊದಲೇ ಗಾಜು ಉಜ್ಜಲು ನೀರಿಗೆ ಕೈ ಇಳಿಸಿದೆ. ಮೀನು ಎಂದಿನಂತೆ ಓಡಿ ಬಂದು, ನನ್ನ ಬೆರಳುಗಳಿಗೆ ಮೈ ತಿಕ್ಕಿ, ಅಂಗೈಯಲ್ಲಿ ಒರಗಿತು.

ಅಂದು ಶುಕ್ರವಾರ; ಅಂದೇ ನಾನು ಆ ಮನೆಯ ಕೆಲಸ ಬಿಟ್ಟು ಹೊರಟೆ.