ತೀರ್ಥಮ್ಮನ ನಲವತ್ತು

ಕಾರಿನ ಮುಂದಿನ ಎಡಗಡೆಯ ಗಾಲಿಗೆ ಜಾಕ್ ಕೊಟ್ಟು ಎತ್ತಿ, ಮೆಕ್ಯಾನಿಕ್ ಮುನೀರ್ ಪಾಷಾ ಅಂಗಳದಲ್ಲಿ ಗೋಣಿತಾಟು ಹಾಸಿಕೊಂಡು ಅಂಗಾತ ಮಲಗಿದ. ಗಾಲಿಯ ನಡುವಿನ ಬಿಲ್ಲೆಯಲ್ಲಿದ್ದ ಪಿನ್ನು ಕಿತ್ತು ಹಿಂದಿನಿಂದ ಎಳೆದರೆ, ಸ್ಪೀಡು ತೋರಿಸುವ ಮೀಟರಿನ ಕೇಬಲ್ಲು ಮೊಳದುದ್ದ ಮಾತ್ರ ಕೈಗೆ ಬಂತು.

"ತುಕ್ಕು ಹಿಡ್ದು ಮುರ್ದೋಗೈತೆ ಸಾವ್ಕಾರ್ರೇ. ಇಷ್ಟು ವರ್ಷ ಮೀಟ್ರಿಲ್ದೆ ಹೆಂಗ್ ಓಡಿಸಿದ್ರಿ?"

"ಮೀಟ್ರು ಪಕ್ಕದ ಸೀಟಲ್ಲಿ ಕೂತಿರ್ತಿತ್ತು ಕಣಯ್ಯಾ," ಅಂದ ಷಣ್ಮುಖಪ್ಪ. ತಮಾಷೆಗೆಂದೇ ಹೇಳಿದ್ದು. ಇಬ್ಬರಲ್ಲಿ ಒಬ್ಬರೂ ನಗಲಿಲ್ಲ.

ಅಜ್ಜಂಪುರದ ಬಟ್ಟೆ ಅಂಗಡಿ ಷಣ್ಮುಖಪ್ಪನ ಹೆಂಡತಿ ತೀರ್ಥಮ್ಮ ತೀರಿಹೋಗಿ ಆಗಲೇ ಒಂದು ಯುಗಾದಿ ಕಳೆದಿತ್ತು. ಎಂಜಿನ್ನು ಹಿಂದಿರುವ, ಊರವರೆಲ್ಲ ಆಮೆ ಎಂದು ಕರೆಯುವ ಈ ಹಳೇ ಕಾರು ಕೊಂಡ ಹೊಸತರಲ್ಲಿ ಮೀಟರು ನೆಟ್ಟಗೇ ಇತ್ತು. ಅವಳಿಗೆ ಹೊರಗಿನ ನೀರು ಆಗದು. ಮಡಿಲಲ್ಲಿ ನೀರಿನ ಕೂಜ ಇಟ್ಟುಕೊಂಡು, ಚೆಲ್ಲದಂತೆ ಮುಚ್ಚಳದ ಮೇಲೆ ಅಂಗೈ ಒತ್ತಿ, ಕಣ್ಣನ್ನು ಮೀಟರಿನ ಮುಳ್ಳಿಗೇ ನೆಟ್ಟು ಕೂರುತ್ತಿದ್ದಳು. ಮೀಟರು ಕೆಟ್ಟಿತು, ಅವಳ ಬಾಯಿ ಮಾತ್ರ ಕೆಡಲಿಲ್ಲ.

"ನಲವತ್ತಾಯ್ತು ಕಣ್ರೀ, ಸಾಕು."

"ಇಪ್ಪತ್ತೈದೂ ಇಲ್ಲ ಕಣೇ! ಎತ್ತಿನ ಗಾಡಿಯೋರು ನೋಡಿ ನಗ್ತಾವ್ರೆ."

"ನಗ್ಲಿ ಬಿಡಿ. ನಲವತ್ತೇ."

ಇವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೈದುಕೊಂಡೇ ಕಾಲು ಸಡಿಲ ಬಿಡುತ್ತಿದ್ದ, ಆ ಮಾತು ಬೇರೆ. ಒಂದು ಸಲ ರೇಗಿಹೋಗಿ, "ಹೊಸ ಕೇಬಲ್ ಹಾಕ್ಸಿ ನಿನ್ ಬಣ್ಣ ಬಯಲು ಮಾಡ್ತೀನಿ ನೋಡ್ತಿರು" ಅಂದಿದ್ದ. "ಹಾಕ್ಸಿ. ಆಮೇಲೆ ಈ ಸೀಟಲ್ಲಿ ನಂಗೇನ್ ಕೆಲ್ಸ?" ಅಂದಿದ್ದಳು ಪುಣ್ಯಾತ್ಗಿತ್ತಿ. ಅವನು ಹಾಕಿಸಲಿಲ್ಲ.

ಈಗ ಒಬ್ಬನೇ ಓಡಿಸುವಾಗ ಎಷ್ಟು ಜೋರಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ. ಮೊನ್ನೆ ರೈಲ್ವೆ ಗೇಟು ಹಾಕಿದ್ದು ಕಂಡು ಬ್ರೇಕ್ ತುಳಿಯುವಷ್ಟರಲ್ಲಿ ಬಂಪರು ಹೋಗಿ ಗೇಟಿಗೆ ಮುತ್ತಿಟ್ಟಿತ್ತು. ಅದಕ್ಕೇ ಈ ರಿಪೇರಿ ಎಂದು ಊರಿಗೆಲ್ಲ ಹೇಳಿದ್ದ. ಒಳಗಿನ ಆಸೆಯೇ ಬೇರೆ. ಅವಳದು ಬರೀ ಬಾಯಿಮಾತು, ಹೆದರಿಕೆಗೆ ಏನೋ ಒಂದು ಲೆಕ್ಕ ಹೇಳುತ್ತಿದ್ದಳು ಎಂದು ಒಂದೇ ಒಂದು ಸಲ ಸಾಬೀತಾಗಬೇಕು. ಆಗ ಪಕ್ಕದ ಸೀಟು ಖಾಲಿಯಾದದ್ದರಿಂದ ಅಂಥ ನಷ್ಟವೇನಾಗಿಲ್ಲ ಎಂದಾದರೂ ಅಂದುಕೊಳ್ಳಬಹುದಲ್ಲ! ಮನೆಯಲ್ಲಿ ಒಂದು ಜೀವದ ಸದ್ದಿಲ್ಲದೆ ಕೊರಗುವವನಿಗೆ ಇಂಥ ಬುದ್ಧಿಯೇ ಹೊಳೆಯುವುದು.

ಪಾಷಾ ಹೊಸ ಕೇಬಲ್ಲನ್ನು ಗಾಲಿಯ ಹಿಂದಿನಿಂದ ತೂರಿಸಿ ಪಿನ್ನು ಹಾಕಿದ. ಮೇಲಿನ ತುದಿಯನ್ನು ಷಣ್ಮುಖಪ್ಪನೇ ಮೀಟರಿನ ಬೆನ್ನಿಗೆ ತಿರುಗಿಸಿ ಬಿಗಿ ಮಾಡಿದ. ಪಾಷಾ ಎತ್ತಿದ ಗಾಲಿಯನ್ನು ಕೈಯಿಂದಲೇ ರಭಸವಾಗಿ ತಿರುಗಿಸಿದ. ಕಾರು ನಿಂತಲ್ಲೇ ಇತ್ತು, ಮುಳ್ಳು ಮಾತ್ರ ಎದ್ದು ಅಲ್ಲಾಡಿತು.

"ಬಂತು ಬಂತು! ರೋಡಿಗೆ ಹಾಕಿ ನೋಡಾಣ ನಡೀರಿ."

ತರೀಕೆರೆ ರಸ್ತೆಗೆ ಬಿದ್ದರು. ಪಾಷಾ ಪಕ್ಕದ ಸೀಟಿನಲ್ಲಿ ಕೂತ. ಕಾಲಿಗೆ ಏನೋ ತಡೆಯಿತೆಂದು ಬಗ್ಗಿ ನೋಡಿದರೆ ಸೀಟಿನ ಕೆಳಗೆ, ಮುಚ್ಚಳ ಅಲ್ಲಾಡದಂತೆ ಬಿಗಿಯಾಗಿ ಸಿಕ್ಕಿಸಿಟ್ಟ ಕೂಜ. ಷಣ್ಮುಖಪ್ಪ ದಿನಾ ಬೆಳಿಗ್ಗೆ ಅದಕ್ಕೆ ನೀರು ತುಂಬಿ ಕಾರಿನಲ್ಲಿಡುವ ರೂಢಿಯನ್ನು ಇನ್ನೂ ಬಿಟ್ಟಿರಲಿಲ್ಲ, ಕುಡಿಯುವವರು ಇಲ್ಲದಿದ್ದರೂ. ಪಾಷಾ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ.

ಊರು ದಾಟಿದ ಮೇಲೆ ಷಣ್ಮುಖಪ್ಪ ಕಾಲು ಒತ್ತಿದ. ಇಪ್ಪತ್ತು. ಇಪ್ಪತ್ತೈದು. ಅವಳು ಇಲ್ಲೇ ಬಾಯಿ ಬಿಡುತ್ತಿದ್ದುದು ಎಂದು ಮನಸ್ಸಿನಲ್ಲೇ ಗೆದ್ದ. ಮೂವತ್ತೈದು. ಇದ್ದಕ್ಕಿದ್ದಂತೆ ಗಡಗಡ ಸದ್ದಾಯಿತು.

"ಇದೇನ್ ಸಾವ್ಕಾರ್ರೇ, ಮುಚ್ಚಳ ಹಿಂಗ್ ಬಡ್ಕೋತೈತೆ!"

ಮುಳ್ಳು ಸರಿಯಾಗಿ ನಲವತ್ತಕ್ಕೆ ಬಂದಿತ್ತು.

ಕಾಲು ಸಡಿಲಿಸಿದ, ಸದ್ದು ನಿಂತಿತು. ಮತ್ತೆ ಒತ್ತಿದ. ಮುಳ್ಳು ನಲವತ್ತಕ್ಕೆ ಬರುವುದೂ ಮುಚ್ಚಳ ಕುಣಿಯುವುದೂ ಒಟ್ಟಿಗೇ ಆಯಿತು. ಪಾಷಾ ಸದ್ದಡಗಿಸಲು ಅಂಗೈ ಒತ್ತಿ ಹಿಡಿದ.

"ಕಿವಿಗೆ ಕೇಳ್ದಿದ್ರೂ ಕೈಗೆ ಗೊತ್ತಾಯ್ತದೆ ನೋಡಿ, ಜುಮ್ಮಂತೈತೆ."

ಷಣ್ಮುಖಪ್ಪ ಆ ಕೈಯನ್ನೇ ನೋಡಿದ. ಮುಚ್ಚಳದ ಮೇಲೆ ಹಾಗೆಯೇ ಒತ್ತಿದ್ದ ಹಸಿರು ಬಳೆಯ ಕೈಯನ್ನು ಅಷ್ಟು ವರ್ಷ ಪಕ್ಕದಲ್ಲೇ ಇಟ್ಟುಕೊಂಡು, ನೀರು ಚೆಲ್ಲದಿರಲಿ ಅಂತ ಹಿಡಿದಿದ್ದಾಳೆ ಎಂದೇ ತಿಳಿದಿದ್ದನಲ್ಲ! ಮೀಟರು ಸರಿಯಿದ್ದಾಗಲೇ ಮುಳ್ಳು ನೋಡಿ ನೋಡಿ ಕೈಗೆ ಕಲಿಸಿಕೊಂಡಿದ್ದಾಳೆ. ಒಂದು ದಿನವಾದರೂ "ಅದು ಹೆಂಗೆ ಗೊತ್ತಾಯ್ತದೆ ನಿಂಗೆ?" ಅಂತ ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಕೇಳಿರಲಿಲ್ಲ. ರಸ್ತೆ ಮಂಜಾಯಿತು. ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ.

ಪಾಷಾ ಗಾಬರಿಯಾಗಿ, "ಯಾಕ್ ಸಾವ್ಕಾರ್ರೇ? ಮೀಟ್ರು ಸರಿಯಾಗಿ ತೋರಿಸ್ತಿಲ್ವಾ?" ಅಂದ.

"ಸರಿಯಾಗೇ ತೋರ್ಸುತ್ತೆ ಕಣಯ್ಯಾ, ಅವಳು ಹೇಳ್ದಷ್ಟೇ," ಅಂದ ಷಣ್ಮುಖಪ್ಪ, ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಳ್ಳುತ್ತ. "ಸಾಕು ಅನ್ನಲ್ಲ, ಅಷ್ಟೇಯ."