ಮೆಕ್ಯಾನಿಕ್ ಮನೆಯ ಫಿಲ್ಟರು

ಸಾಕುನಾಯಿ ಮೊದ್ದುವನ್ನು ದೂರ ಬಿಟ್ಟುಬರಲು ಸರಪಳಿ ಹಾಕುತ್ತಿದ್ದ ನೀರಿನ ಫಿಲ್ಟರ್ ಮೆಕ್ಯಾನಿಕ್‌ಗೆ ಹೆಂಡತಿ ಅಡ್ಡ ನಿಂತಳು. "ರೀ, ಮಗಳಿಗೆ ಭೇದಿ ಹಿಡಿಸಿರೋ ಆ ಜಿಯಾರ್ಡಿಯಾ ಕ್ರಿಮಿ ನೀರಿಂದಾನೂ ಬರುತ್ತಂತೆ. ಡಾಕ್ಟ್ರು ಹೇಳಿದ್ರು."

"ಊರಿಗೆಲ್ಲ ಫಿಲ್ಟರ್ ಕೂರಿಸೋನ ಮನೆ ನೀರಾ? ಮಗಳಿಗಿರೋ ಕಾಯಿಲೆನೇ ಈ ನಾಯಿಗೂ ಇದೆ ಅಂತ ರಿಪೋರ್ಟ್ ಬಂದಿಲ್ವಾ? ಇದರಿಂದಲೇ ಅಂಟಿರೋದು!" ರೇಗುತ್ತಲೇ ಅವನು, ಅವಳ ಬಾಯಿ ಮುಚ್ಚಿಸಲೆಂದು ಸಿಂಕಿನ ಮೇಲಿನ ಫಿಲ್ಟರನ್ನು ಬಿಚ್ಚಿದ.

ಒಳಗೆ ನೀರು ಸೋಸುವ ಕ್ಯಾಂಡಲ್ಲೇ ಇರಲಿಲ್ಲ. ಹೋದ ತಿಂಗಳು ಗಿರಾಕಿಯೊಬ್ಬನ ಅವಸರಕ್ಕೆ ತಾನೇ ತೆಗೆದುಕೊಂಡು ಹೋಗಿದ್ದ. ನಮ್ಮನೆಯದು ತಾನೆ, ನಾಳೆ ಹಾಕಿದರಾಯಿತು ಎಂದುಕೊಂಡಿದ್ದ.

ಮೂರು ವಾರದ ಭೇದಿಗೆ ಕಡ್ಡಿಯಂತಾಗಿದ್ದ ಮಗಳು ನಾಯಿಯ ಬಟ್ಟಲಿನ ತುಂಬ ನೀರು ಹಿಡಿದು ತಂದಳು. "ಹೋಗೋ ಮುಂಚೆ ಮೊದ್ದು ನೀರು ಕುಡೀಲಿ ಅಪ್ಪಾ. ನೀನು ಹೇಳಿದ ಹಾಗೆ ದಿನಾ ಫಿಲ್ಟರ್ ನೀರೇ ಕೊಟ್ಟಿದ್ದೀನಿ."